ದುರ್ಗಿಯ ಎರಡು ಮದ್ದು

ಬೇಲೆಕೇರಿಯ ಜಟ್ಟು ಹರಿಕಂತ್ರ ಹನ್ನೆರಡನೆಯ ವಯಸ್ಸಿಗೆ ದೋಣಿ ಹತ್ತಿದವನು. ಅರವತ್ತೆರಡಕ್ಕೆ ಮೊಣಕಾಲು ಕೈಕೊಟ್ಟಿತು. ಅಲ್ಲಿಂದ ನಾಲ್ಕು ವರ್ಷ ಮನೆಯ ಜಗಲಿಯಲ್ಲಿ ಕೂತು ಹರಿದ ಬಲೆಗಳನ್ನು ಸರಿಮಾಡಿಕೊಡುತ್ತಿದ್ದ. ಅಡುಗೆಕೋಣೆಗೆ ಕೆಲಸಕ್ಕೆಂದು ಕಾಲಿಟ್ಟವನೇ ಅಲ್ಲ. ಕುಡಿಯಲು ನೀರು ಬೇಕಾದರೂ ಜಗಲಿಯಿಂದಲೇ "ಏ" ಅನ್ನುತ್ತಿದ್ದ. ಒಳಗಿಂದ ಚೊಂಬು ಬರುತ್ತಿತ್ತು, ಚೊಂಬಿನ ಹಿಂದೆ ಹೆಂಡತಿ ದುರ್ಗಿಯ ನಾಲ್ಕು ಮಾತೂ ಬರುತ್ತಿದ್ದವು.

ದುರ್ಗಿ ಮೂವತ್ತು ವರ್ಷ ಅಂಕೋಲೆಯ ಮೀನುಪೇಟೆಯಲ್ಲಿ ಕೂತು ಮಾರಿದವಳು. ಅವಳ ದನಿ ಪೇಟೆಯ ಆ ತುದಿಗೆ ಕೇಳಿಸುತ್ತಿತ್ತು. ಮೂರು ವರ್ಷದ ಹಿಂದೆ ಅವಳ ಬಲಗಿವಿಯ ಕೆಳಗೆ ಗೋಲಿಯಷ್ಟು ದೊಡ್ಡ ಗಂಟೊಂದು ಕಾಣಿಸಿಕೊಂಡಿತು. ನೋವಿಲ್ಲವಲ್ಲ ಎಂದು ಬಿಟ್ಟಳು. ಬಾಯಿಯ ಬಲಮೂಲೆ ಜೋತು, ಬಲಗಣ್ಣು ಮುಚ್ಚಲಾಗದೆ ನೀರು ಸುರಿಯತೊಡಗಿದಾಗ ಮಗ ರಾಜೀವ ಮಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಬಾಯಲ್ಲಿ ನೀರು ಬರಿಸುವ ಗ್ರಂಥಿಯ ಕ್ಯಾನ್ಸರು ಅಂದರು. ಗಂಟನ್ನು ಕತ್ತರಿಸಿ ತೆಗೆದರು, ಆರು ವಾರ ವಿಕಿರಣದ ಕರೆಂಟು ಕೊಟ್ಟರು. ಮುಖದ ಬಲಭಾಗ ಮತ್ತೆ ಅಲ್ಲಾಡಲಿಲ್ಲ. ದುರ್ಗಿ ಎಡಭಾಗದಲ್ಲೇ ನಗುತ್ತ, ಎಡಭಾಗದಲ್ಲೇ ಬೈಯುತ್ತ ಪೇಟೆಗೆ ಹೋದಳು. ಎರಡು ವರ್ಷ ಹಾಗೆಯೇ ನಡೆಯಿತು.

ಈ ಆಗಸ್ಟಿನಲ್ಲಿ ಒಣಕೆಮ್ಮು ಹಿಡಿದು ಬಿಡಲಿಲ್ಲ. ರಾಜೀವ ಮತ್ತೆ ಮಂಗಳೂರಿಗೆ ಕರೆದುಕೊಂಡು ಹೋಗಿ ಬಂದ. ಆ ಸಂಜೆ ಎಲ್ಲರೂ ಊಟಕ್ಕೆ ಕೂತಾಗ, ಅನ್ನಕ್ಕೆ ತಾರ್ಲೆ ಮೀನಿನ ಸಾರು ಕಲಸುತ್ತ, ತಲೆ ಎತ್ತದೆ ಹೇಳಿದ.

"ಶ್ವಾಸಕೋಶದಲ್ಲಿ ಮೂರು ಕಡೆ ಕಾಣ್ತದೆ ಅಂದ್ರು. ಮೊದಲಿನ ಕ್ಯಾನ್ಸರೇ ಅಲ್ಲಿಗೆ ಹೋಗಿ ಕೂತದ್ದಂತೆ. ಈ ಸಲ ಕತ್ತರಿಸುಕೆ ಬರುದಿಲ್ಲ. ಎರಡು ಮದ್ದು ಒಟ್ಟಿಗೆ ಕೊಡ್ತ್ರು. ಮೂರು ವಾರಕ್ಕೊಂದು ಸಲ, ಬುಧವಾರ."

"ಎಷ್ಟು ಸಲ?" ಎಂದಳು ಸೊಸೆ ಅಮಿತಾ. ಕದ್ವಾಡದ ಕಡೆಯ ಹುಡುಗಿ, ಊರ ಅಂಗನವಾಡಿಯಲ್ಲಿ ಟೀಚರು.

"ಮೊದಲಿಗೆ ಆರು."

"ಅಂದ್ರೆ ಹದಿನೆಂಟು ವಾರ," ಎಂದಳು ಮೊಮ್ಮಗಳು ಪೂರ್ಣಿಮಾ. ನಾಲ್ಕನೇ ತರಗತಿಯ ಮಗ್ಗಿ ಅವಳ ನಾಲಿಗೆಯ ಮೇಲೇ ಇತ್ತು.

"ನಾ ಹೋಗುದಿಲ್ಲ," ಎಂದಳು ದುರ್ಗಿ. "ಒಂದ್ಸಲ ಕೊಯ್ಸಕಂಡೆ, ಕರೆಂಟು ತಕಂಡೆ, ಸಾಕು. ಮಳೆಗಾಲದ ರಜೆ ಮುಗಿದು ಬೋಟು ಕಡಲಿಗಿಳಿದು ಎರಡು ವಾರ ಆಗ್ಲಿಲ್ಲ. ನಾ ಪೇಟೆಗೆ ಹೋಗುದೋ, ಮಂಗಳೂರಿಗೆ ಹೋಗುದೋ?"

"ಆಯಿ, ಪೇಟೆ ಓಡಿಹೋಗ್ತದ್ಯಾ?" ಎಂದ ಮಗ.

"ಪೇಟೆ ಓಡುದಿಲ್ಲ. ನನ್ನ ಜಾಗ ಓಡ್ತದೆ. ಆ ಕಲಾವತಿ ಬುಟ್ಟಿ ದಿನಕ್ಕೊಂದು ಗೇಣು ನನ್ನ ಬದಿಗೇ ಸರೀತದೆ."

"ಅತ್ತೆ, ಜಾಗ ನಾ ನೋಡ್ಕಳ್ತೆ. ನೀವು ಹೋಗುದೇ," ಎಂದಳು ಅಮಿತಾ. ಮೆಲ್ಲಗೆ ಹೇಳಿದರೂ ಅವಳ ಮಾತು ಗೋಡೆಗೆ ಹೊಡೆದ ಮೊಳೆಯ ಹಾಗೆ. ದುರ್ಗಿಗೂ ಅದು ಗೊತ್ತು. ಮತ್ತೆ ಅನ್ನ ಕಲಸತೊಡಗಿದಳು.

ಆಮೇಲೆ ಜೊತೆಗೆ ಯಾರು ಹೋಗುವುದು ಎಂಬ ಪ್ರಶ್ನೆ ಬಂತು. ರಾಜೀವ ಪರ್ಸೀನ್ ಬಲೆಯ ಮೀನುಬೋಟಿನಲ್ಲಿ ದುಡಿಯುವವನು. ಒಮ್ಮೆ ಹೋದರೆ ಮೂರು ದಿನ ನೆಲ ಕಾಣುವುದಿಲ್ಲ. ಅಮಿತಾಳಿಗೆ ಅಂಗನವಾಡಿಯ ಇಪ್ಪತ್ತೆರಡು ಮಕ್ಕಳು.

"ನಾ ಕರ್ಕಂಡು ಹೋಗ್ತೆ," ಎಂದ ಜಟ್ಟು.

ಎಲ್ಲರೂ ಅವನನ್ನು ನೋಡಿದರು. ದುರ್ಗಿಯ ಎಡಗೆನ್ನೆ ಮೇಲೇರಿತು.

"ನೀವಾ? ಕಾರವಾರಕ್ಕೆ ಹೋಗ್ತೆ ಹೇಳಿ ಕುಮಟೆ ಬಸ್ಸು ಹತ್ತಿದವ್ರು ನೀವು."

"ಅದು ಒಂದೇ ಸಲ."

"ಬಸ್ಸು ಹತ್ತಿದ್ದೇ ಒಂದು ಸಲ."

ಪೂರ್ಣಿಮಾ ಬಾಯಲ್ಲಿದ್ದ ಅನ್ನ ಉಗುಳುವಷ್ಟು ನಕ್ಕಳು. ಜಟ್ಟು ಸಿಟ್ಟು ಮಾಡಿಕೊಳ್ಳಲಿಲ್ಲ. ಊಟ ಮುಗಿಸಿ, ಮೊಮ್ಮಗಳ ಹತ್ತಿರ ಹಳೆಯ ನೋಟುಬುಕ್ಕು ಕೇಳಿಕೊಂಡು, ಅಂಕೋಲೆಯಿಂದ ಮಂಗಳೂರಿನವರೆಗೆ ರೈಲು ನಿಲ್ಲುವ ಊರುಗಳನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡ.

ಮೊದಲ ಬುಧವಾರ ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಮಾತಾಡಿದರು. ವಯಸ್ಸಿನಲ್ಲಿ ಅಮಿತಾಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಗಡಿಬಿಡಿ ಇಲ್ಲದ ಮಾತು.

"ಒಂದು ಮದ್ದು ಬೇಗ ಬೇಗ ಬೆಳೆಯೋ ಕಣಗಳನ್ನೆಲ್ಲ ಹೊಡೆಯುತ್ತೆ. ಒಳ್ಳೆಯದು ಕೆಟ್ಟದ್ದು ನೋಡೋದಿಲ್ಲ. ಅದಕ್ಕೇ ಕೂದಲು ಉದುರುತ್ತೆ, ಬಾಯಿ ಹುಣ್ಣಾಗುತ್ತೆ. ಇನ್ನೊಂದು ಹಾಗಲ್ಲ. ನಿಮ್ಮ ಗಂಟಿನ ತುಂಡನ್ನು ಪರೀಕ್ಷೆ ಮಾಡಿಸಿದ್ವಿ. ಅದರ ಮೈಮೇಲೆ ಒಂದು ಗುರುತು ಸಿಕ್ಕಿದೆ. ಹೆಚ್ಚಾಗಿ ಅದು ಸ್ತನದ ಕ್ಯಾನ್ಸರಿನಲ್ಲಿ ಕಾಣೋ ಗುರುತು. ಎರಡನೇ ಮದ್ದು ಅದನ್ನೇ ಹುಡುಕಿ ಹಿಡಿಯುತ್ತೆ. ಎರಡೂ ಕೂಡಿದರೆ ಕೆಲಸ ಜಾಸ್ತಿ ಆಗುತ್ತೆ."

"ಎದೆಯದ್ದು ಕಿವಿ ಹತ್ರ ಎಂತಕ್ಕೆ ಬಂತು?" ಎಂದಳು ದುರ್ಗಿ.

"ಎದೆಯಿಂದ ಬಂದದ್ದಲ್ಲ. ಗುರುತು ಮಾತ್ರ ಒಂದೇ ಥರ. ಯಾಕೆ ಹಾಗೆ ಅಂತ ನಮಗೂ ಪೂರ್ತಿ ಗೊತ್ತಿಲ್ಲಮ್ಮ. ಇದು ಅಪರೂಪದ್ದು. ವರ್ಷಕ್ಕೆ ಒಬ್ಬರೋ ಇಬ್ಬರೋ ನನ್ನ ಹತ್ತಿರ ಬರ್ತಾರೆ."

ದುರ್ಗಿಗೆ ಅದನ್ನು ಕೇಳಿ ಒಂಥರಾ ಹೆಮ್ಮೆಯಾದಂತೆ ಕಂಡಿತು. ಬೆನ್ನು ನೆಟ್ಟಗೆ ಮಾಡಿ ಕೂತಳು. ಜಟ್ಟು ಗಂಟಲು ಸರಿಮಾಡಿಕೊಂಡ.

"ಪೂರ್ತಿ ಹೋಗ್ತದೆಯಾ ಡಾಕ್ಟರೇ?"

"ಪೂರ್ತಿ ಹೋಗುತ್ತೆ ಅಂತ ನಾನು ಹೇಳೋದಿಲ್ಲ. ಸಣ್ಣದು ಮಾಡಿ, ಹಿಡಿದಿಡೋಣ ಅಂತ ನೋಡ್ತಿದ್ದೇವೆ. ಹಿಡಿದಿಟ್ಟರೆ ಇವರು ಮನೆ ಕೆಲಸ, ಪೇಟೆ ಕೆಲಸ ಮಾಡಿಕೊಂಡು ಇರಬಹುದು."

ಹಿಡಿದಿಡುವುದು ಎಂಬ ಮಾತು ಜಟ್ಟುವಿಗೆ ಒಪ್ಪಿಗೆಯಾಗಲಿಲ್ಲ.

ಮದ್ದು ಏರಿಸಿದ ನಾಲ್ಕನೆಯ ದಿನ ದುರ್ಗಿಗೆ ಮೀನಿನ ವಾಸನೆ ಆಗದಾಯಿತು. ಹುಟ್ಟಿದಾಗಿನಿಂದ ಮೀನಿನ ನಡುವೆಯೇ ಬದುಕಿದವಳು, ಪಕ್ಕದ ಮನೆಯಲ್ಲಿ ಬಂಗಡೆ ಹುರಿದರೂ ಮೂಗಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಬಾಯಿ ಮೊದಲೇ ಒಣಕಲು, ಈಗ ಹುಣ್ಣು ಬೇರೆ. ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಮಿತಾ ಬೆಳಿಗ್ಗೆ ಎದ್ದು ಅಡುಗೆ ಮಾಡಿಟ್ಟು ಅಂಗನವಾಡಿಗೆ ಹೋದರೆ, ಮಧ್ಯಾಹ್ನಕ್ಕೆ ಅದು ದುರ್ಗಿಗೆ ಬೇಡವಾಗಿರುತ್ತಿತ್ತು. ಬಿಸಿ ಗಂಜಿ ಬೇಕು, ಅದೂ ತೆಳ್ಳಗೆ, ಆಗಲೇ ಮಾಡಿದ್ದು.

ಹೀಗೆ ಜಟ್ಟು ಅಡುಗೆಕೋಣೆ ಹೊಕ್ಕ.

ಮೊದಲ ದಿನ ಗ್ಯಾಸು ಹಚ್ಚಲು ಐದು ಕಡ್ಡಿ ಬೇಕಾಯಿತು. ಅಕ್ಕಿ ಎಷ್ಟು, ನೀರು ಎಷ್ಟು ಎಂದು ಕೇಳಲು ಮೂರು ಸಲ ದುರ್ಗಿಯ ಚಾಪೆಯವರೆಗೆ ಹೋಗಿ ಬಂದ. ನಾಲ್ಕನೆಯ ಸಲ ಅವಳು, "ಕಡಲೆಲ್ಲ ಅಳತೆ ಮಾಡ್ತಿದ್ರಿ, ಒಂದು ಪಾತ್ರೆ ಅಳತೆ ಮಾಡುಕೆ ಬರುದಿಲ್ಲವಾ?" ಎಂದಳು. ಗಂಜಿ ತಳ ಹತ್ತಿತು. ಮೇಲಿನದನ್ನು ಬಸಿದು ಕೊಟ್ಟ. ಅವಳು ಅರ್ಧ ಬಟ್ಟಲು ಕುಡಿದಳು. ಬಟ್ಟಲನ್ನು ಅವನೇ ತೊಳೆದ. ತೊಳೆದದ್ದನ್ನು ಸಂಜೆ ಅಮಿತಾ ಯಾರಿಗೂ ಕಾಣದ ಹಾಗೆ ಇನ್ನೊಮ್ಮೆ ತೊಳೆದಳು.

ವಾರ ಕಳೆಯುವಷ್ಟರಲ್ಲಿ ಕೈ ಪಳಗಿತು. ಗಂಜಿ ಬಂತು, ಮುರುಗಲ ಹುಳಿಯ ಸಾರು ಬಂತು, ಕೊಬ್ಬರಿ ಚಟ್ನಿ ಬಂತು. ಮೀನಿನ ಆಸೆಯಾದರೆ ಅವನೂ ಪೂರ್ಣಿಮಾಳೂ ನಾಲ್ಕು ಮನೆ ಆಚೆಯ ಮಾದೇವನ ಜಗಲಿಗೆ ಹೋಗಿ ತಿಂದು ಬರುತ್ತಿದ್ದರು. ಬಾಗಿಲಲ್ಲೇ ದುರ್ಗಿ ಹಿಡಿಯುತ್ತಿದ್ದಳು: "ಬಾಯಿ ತೊಳ್ಕಂಡು ಬನ್ನಿ ಇಬ್ರೂ. ನೊಗಲಿ ಮೀನು ತಿಂದದ್ದು, ನಂಗೆ ಗೊತ್ತಾಗುದಿಲ್ಲ ಹೇಳಿ ಮಾಡಿದ್ರ್ಯಾ?"

ಕೂದಲು ಉದುರಿದ ದಿನ ಕಲಾವತಿ ಪೇಟೆಯಿಂದ ನೇರ ಇಲ್ಲಿಗೇ ಬಂದಳು. ದುರ್ಗಿಯ ತಲೆಯನ್ನು ಒಂದು ಗಳಿಗೆ ನೋಡಿ, "ನಿನ್ನ ಜಾಗದಲ್ಲಿ ನನ್ನ ಎರಡನೇ ಬುಟ್ಟಿ ಇಟ್ಟಿದ್ದೆ," ಎಂದಳು.

"ಇಡುವವಳೇ ನೀನು."

"ಇಡದಿದ್ರೆ ಗೋವಾ ಕಡೆಯಿಂದ ಬಂದವಳೊಬ್ಳು ಕೂತೇಬಿಡ್ತಿದ್ಳು. ನೀ ಬಂದ ದಿನ ತೆಗೀತೆ." ಅಷ್ಟು ಹೇಳಿ ಚಾ ಕುಡಿದು ಹೋದಳು. ಚಾ ಮಾಡಿದ್ದು ಜಟ್ಟು. ಅದನ್ನವಳು ಮರುದಿನ ಪೇಟೆಯಿಡೀ ಹೇಳಿದಳು.

ಎರಡನೆಯ ಸಲದ ಮದ್ದಾದ ಮೇಲೆ ಮಾದೇವ ಒಂದು ಸುದ್ದಿ ತಂದ. ಬಾಳೆಗುಳಿಯಿಂದ ಒಳಗೆ ಹೋದರೆ ನಾಟಿ ಮದ್ದು ಕೊಡುವವನೊಬ್ಬ ಇದ್ದಾನೆ. ಎಂಥ ಗಂಟನ್ನೂ ಕರಗಿಸುತ್ತಾನೆ. ತಿರುಗಿ ಬರುವುದೇ ಇಲ್ಲ. ಜಟ್ಟು ಮನೆಯಲ್ಲಿ ಬಲೆಯ ದಾರ ತರಬೇಕೆಂದು ಹೇಳಿ ಹೋದ. ಬಾಳೆಗುಳಿಯಲ್ಲಿ ಇಳಿದು, ಮೊಣಕಾಲು ಹಿಡಿದುಕೊಂಡು ಕೂತು ಎದ್ದು ಎರಡು ಮೈಲಿ ನಡೆದ. ಆ ಮನುಷ್ಯ ದುರ್ಗಿಯ ಹೆಸರನ್ನೂ ಕೇಳಲಿಲ್ಲ. ಕಪ್ಪು ಕಷಾಯದ ಬಾಟ್ಲಿ ಕೊಟ್ಟು, "ಪೂರ್ತಿ ಹೋಗ್ತದೆ," ಎಂದ. ಜಟ್ಟುವಿಗೆ ಬೇಕಾಗಿದ್ದದ್ದು ಆ ಒಂದು ಮಾತು.

ಮರುದಿನ ಮಧ್ಯಾಹ್ನ ಮನೆಯಲ್ಲಿ ಇಬ್ಬರೇ ಇದ್ದಾಗ ಸಣ್ಣ ಲೋಟದಲ್ಲಿ ತಂದಿಟ್ಟ. ದುರ್ಗಿ ಮೂಸಿ ನೋಡಿದಳು.

"ಎಲ್ಲಿಂದು ಇದು?"

"ಬಾಳೆಗುಳಿ ಬದಿಯಿಂದ."

"ಆ ಮೊಣಕಾಲು ತಕಂಡು ಅಲ್ಲಿಗೆ ನಡೆದ್ರ್ಯಾ?"

ಅವನು ಮೊಣಕಾಲು ನೀವಿಕೊಂಡ. ಅವಳು ಮೂಗು ಹಿಡಿದು ಒಂದೇ ಗುಟುಕಿಗೆ ಕುಡಿದು, ಲೋಟ ಅವನ ಕೈಗೆ ಕೊಟ್ಟಳು. ಹನ್ನೆರಡು ದಿನ ಹಾಗೇ ಕುಡಿದಳು.

ಮೂರನೆಯ ಬುಧವಾರ ರಕ್ತಪರೀಕ್ಷೆಯ ಕಾಗದ ನೋಡಿ ಡಾಕ್ಟರಮ್ಮನ ಹುಬ್ಬು ಗಂಟಾಯಿತು. "ಲಿವರಿನ ನಂಬರು ಏರಿದೆ. ಇವತ್ತು ಮದ್ದು ಕೊಡೋಕಾಗೋದಿಲ್ಲ. ಬೇರೆ ಏನಾದರೂ ತಗೊಳ್ತಿದ್ದೀರಾ? ಕಷಾಯ, ನಾಟಿ ಮದ್ದು?"

"ಎಂಥದೂ ಇಲ್ಲ," ಎಂದಳು ದುರ್ಗಿ ತಟ್ಟನೆ.

ಜಟ್ಟು ತನ್ನ ಚಪ್ಪಲಿಯ ಬಾರನ್ನು ನೋಡುತ್ತ ಕೂತ.

"ಹಾಗಾದರೆ ಎರಡು ವಾರ ಬಿಟ್ಟು ಮತ್ತೆ ನೋಡೋಣ. ಆಗಲೂ ಹೀಗೇ ಇದ್ದರೆ ಮೊದಲನೇ ಮದ್ದು ನಿಲ್ಲಿಸಬೇಕಾಗುತ್ತೆ."

ವಾಪಸು ಬರುವ ರೈಲು ಉಡುಪಿ ದಾಟಿತು. ಕೊನೆಗೆ ಜಟ್ಟು ಕೇಳಿದ: "ಸುಳ್ಳು ಎಂತಕ್ಕೆ ಹೇಳಿದೆ?"

"ಅಷ್ಟು ಜನ ಇದ್ದಲ್ಲಿ ನಿಮ್ಮನ್ನ ಯಾರಾದ್ರೂ ಬಯ್ದರೆ ನಂಗೆ ಆಗುದಿಲ್ಲ," ಎಂದಳು ದುರ್ಗಿ ಕಿಟಕಿಯಾಚೆ ನೋಡುತ್ತ. "ಬಯ್ಯುಕೆ ಮನೆಲಿ ನಾ ಇಲ್ಲವಾ?"

ಮನೆಗೆ ಬಂದರೆ, ಅಕ್ಕಿ ಡಬ್ಬಿಯ ಹಿಂದೆ ಜಟ್ಟು ಬಚ್ಚಿಟ್ಟಿದ್ದ ಕಷಾಯದ ಬಾಟ್ಲಿ ಊಟದ ಮಣೆಯ ಮೇಲೆ ನಿಂತಿತ್ತು. ಅಮಿತಾ ಇರುವೆ ಹತ್ತಿದೆಯೆಂದು ಡಬ್ಬಿ ಸರಿಸಿದ್ದಳಂತೆ. ರಾಜೀವನ ಬೋಟು ಮಧ್ಯಾಹ್ನವೇ ದಡಕ್ಕೆ ಬಂದಿತ್ತು. ಮೈಮೇಲಿನ ಉಪ್ಪುನೀರೂ ತೊಳೆಯದೆ ಅವನು ಅಲ್ಲೇ ಕೂತಿದ್ದ.

"ಅಪ್ಪಾ, ಇದೆಂಥದು?"

"ಮದ್ದು."

"ಯಾರಿಗೆ ಕೇಳಿ ಕೊಟ್ಟೆ?"

"ನನ್ನ ಹೆಂಡ್ತಿಗೆ ಕೊಡುಕೆ ಯಾರನ್ನ ಕೇಳಬೇಕು?"

"ನಾ ಅಲ್ಲಿ ಕಡಲಲ್ಲಿ, ಫೋನು ಹತ್ತುದಿಲ್ಲ, ಏನಾಯ್ತೋ ಏನೋ ಹೇಳಿ ಜೀವ ಕೈಲಿ ಹಿಡ್ಕಂಡು ಬಲೆ ಎಳಿತೆ. ಅಪ್ಪ ಜೊತೆಗೆ ಇದ್ದಾನಲ ಹೇಳಿ ಒಂದು ಧೈರ್ಯ. ನೀನು ನೋಡಿದ್ರೆ..." ರಾಜೀವನ ದನಿ ಒಡೆಯಿತು. "ಇವತ್ತಿನ ಮದ್ದು ತಪ್ಪಿದ್ದು ಇದ್ರಿಂದಲೇ ಆದ್ರೆ?"

"ಅವರು ಹಿಡಿದಿಡ್ತೆ ಅಂದ್ರು!" ಜಟ್ಟು ಕೂತವನು ಎದ್ದು ನಿಂತ. "ಹಿಡಿದಿಡುದು! ಈ ಮದ್ದಿನವನು ಪೂರ್ತಿ ಹೋಗ್ತದೆ ಅಂದ. ನಾ ಯಾರ ಮಾತು ಕೇಳುದು ಹೇಳು. ನೀನಾದ್ರೆ ಯಾರ ಮಾತು ಕೇಳ್ತಿದ್ದೆ?"

ಪೂರ್ಣಿಮಾ ಬಾಗಿಲ ಮೂಲೆಯಲ್ಲಿ ನಿಂತು ಅಜ್ಜನನ್ನೇ ನೋಡುತ್ತಿದ್ದಳು. ದುರ್ಗಿ ಗೋಡೆಗೆ ಒರಗಿ, "ಕುಡ್ದದ್ದು ನಾನು. ನಂಗೆ ಬಯ್ಯಿ," ಎಂದಳು.

ಅಮಿತಾ ಬಾಟ್ಲಿಯ ಮುಚ್ಚಳ ಬಿಗಿಮಾಡಿ ಮಾವನ ಮುಂದಿಟ್ಟಳು.

"ಮಾವಾ, ಇದನ್ನ ಡಾಕ್ಟರಿಗೆ ತೋರ್ಸಬೇಕು. ಹೇಳದಿದ್ರೆ ನಂಬರು ಏರಿದ್ದು ಅವರ ಮದ್ದಿನಿಂದಲೇ ಹೇಳಿ ತಿಳ್ಕಳ್ತ್ರು. ಆಗ ಒಳ್ಳೆ ಮದ್ದನ್ನೇ ಬಿಡಿಸ್ತ್ರು. ಅತ್ತೆಗೆ ಇರುದು ಎರಡೇ ಮದ್ದು. ಅದರಲ್ಲಿ ಒಂದು ಹೋದ್ರೆ?"

ಜಟ್ಟು ಮತ್ತೆ ಕೂತ. ಬಾಟ್ಲಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ನಾನೇ ಹೇಳ್ತೆ," ಎಂದ.

ಆ ಎರಡು ವಾರ ಮನೆಯಲ್ಲಿ ಅಪ್ಪ ಮಗನ ನಡುವೆ ಮಾತು ಕಡಿಮೆ. ಆದರೆ ಜಟ್ಟು ಗಂಜಿ ಮಾಡುವುದು ಬಿಡಲಿಲ್ಲ. ರಾಜೀವನೂ ದಡಕ್ಕೆ ಬಂದ ದಿನ ಆ ಗಂಜಿಯನ್ನೇ ಉಂಡ. ಒಂದು ದಿನ ಬಟ್ಟಲು ಕೆಳಗಿಡುತ್ತ, "ಚಟ್ನಿ ಚಲೋ ಆಗಿದೆ," ಎಂದ. ಜಟ್ಟು ಇನ್ನೊಂದು ಚಮಚ ಹಾಕಿದ. ರಾಜಿ ಆದದ್ದು ಹಾಗೆ.

ಬುಧವಾರ ಡಾಕ್ಟರಮ್ಮನ ಕೋಣೆಗೆ ಹೋದವನೇ ಜಟ್ಟು ಚೀಲದಿಂದ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟ. ಕೂರಲಿಲ್ಲ.

"ಇದನ್ನ ನಾ ಕೊಟ್ಟದ್ದು. ಹನ್ನೆರಡು ದಿನ. ಇವಳು ಇಲ್ಲ ಅಂದದ್ದು ನನ್ನ ಸಲುವಾಗಿ. ಬಯ್ಯುದಿದ್ರೆ ನಂಗೆ ಬಯ್ಯಿರಿ."

ಡಾಕ್ಟರಮ್ಮ ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದರು, ಮುಚ್ಚಳ ತೆಗೆದು ಮೂಸಿದರು, ಏನೋ ಬರೆದುಕೊಂಡರು.

"ನಾನು ಬಯ್ದರೆ ಮುಂದಿನ ಸಲ ಹೇಳ್ತೀರಾ?"

ಜಟ್ಟು ಯೋಚಿಸಿ, "ಇಲ್ಲ," ಎಂದ.

"ಅದಕ್ಕೇ ಬಯ್ಯೋದಿಲ್ಲ. ಕೂತುಕೊಳ್ಳಿ. ನೋಡಿ, ಎರಡು ಮದ್ದು ಒಟ್ಟಿಗೆ ಕೊಡುವಾಗ ಒಂದು ಇನ್ನೊಂದಕ್ಕೆ ಏನು ಮಾಡುತ್ತೆ ಅಂತ ನಮಗೆ ಗೊತ್ತಿರುತ್ತೆ. ಹೃದಯ ನೋಡ್ತೇವೆ, ರಕ್ತ ನೋಡ್ತೇವೆ. ಮೂರನೆಯದರಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿಲ್ಲ, ಕೊಟ್ಟವನಿಗೂ ಗೊತ್ತಿರಲಿಕ್ಕಿಲ್ಲ. ಎಲ್ಲಾ ಹೋಗಿ ಬೀಳೋದು ಒಂದೇ ಲಿವರಿನ ಮೇಲೆ." ಹೊಸ ಪರೀಕ್ಷೆಯ ಕಾಗದ ತಿರುಗಿಸಿದರು. "ನಂಬರು ಇಳಿದಿದೆ. ಆದರೂ ಏರಿದ್ದಕ್ಕೆ ಕಾರಣ ಗೊತ್ತಾಗದಿದ್ದರೆ ಮೊದಲನೇ ಮದ್ದು ಬಿಡಿಸೋದು ಅಂತಲೇ ಇದ್ದೆ. ಈಗ ಬಿಡಿಸೋದಿಲ್ಲ. ಇವತ್ತೇ ಎರಡೂ ಏರಿಸೋಣ."

ಹೊರಗೆ ಬಂದ ಮೇಲೆ ಜಟ್ಟು ಚೀಲ ದುರ್ಗಿಯ ಕೈಗೆ ಕೊಟ್ಟ. ಬೆಂಚಿನ ಮೇಲೆ ಕೂತ. ದುರ್ಗಿ ಪಕ್ಕದಲ್ಲಿ ಕೂತು, ಚೀಲದಿಂದ ನೀರಿನ ಬಾಟ್ಲಿ ತೆಗೆದು ತಾನು ಒಂದು ಗುಟುಕು ಕುಡಿದು ಅವನಿಗೆ ಕೊಟ್ಟಳು.

"ಈಗ ನಾ ಬಯ್ತೆ," ಎಂದಳು. ಆದರೆ ಬಯ್ಯಲಿಲ್ಲ.

ಅಲ್ಲಿಂದ ಮುಂದೆ ಒಂದೂ ಬುಧವಾರ ತಪ್ಪಲಿಲ್ಲ. ರೈಲಿನ ಟಿಕೆಟು ನೋಡುವವನಿಗೂ ಇವರ ಗುರುತಾಯಿತು. ನಾಲ್ಕನೆಯ ಸಲಕ್ಕೆ ಕೆಮ್ಮು ನಿಂತಿತು. ಐದನೆಯ ಸಲ ಕೈಕಾಲು ಜೋಮು ಹಿಡಿದು ದುರ್ಗಿ ಎರಡು ದಿನ ಎದ್ದೇಳಲಿಲ್ಲ. ಪೂರ್ಣಿಮಾ ಶಾಲೆಯಿಂದ ಬಂದು ಅಜ್ಜಿಯ ಪಾದ ತಿಕ್ಕುತ್ತ ಮಗ್ಗಿ ಒಪ್ಪಿಸಿದಳು. ಆರನೆಯದು ಮುಗಿದು ಜನವರಿಯಲ್ಲಿ ಸ್ಕ್ಯಾನು ಆಯಿತು. ಆ ದಿನ ರಾಜೀವ ಬೋಟಿಗೆ ರಜೆ ಹಾಕಿ ಜೊತೆಗೆ ಹೋದ.

ಮೂರರಲ್ಲಿ ಒಂದು ಕಾಣುತ್ತಿಲ್ಲ, ಉಳಿದೆರಡು ಅರ್ಧಕ್ಕಿಂತ ಸಣ್ಣದಾಗಿವೆ ಎಂದರು ಡಾಕ್ಟರಮ್ಮ. ಕೂದಲು ಉದುರಿಸುವ ಮದ್ದು ಇನ್ನು ಬೇಡ. ಇನ್ನೊಂದು ಮಾತ್ರ ಮೂರು ವಾರಕ್ಕೊಮ್ಮೆ ಮುಂದುವರಿಸುವುದು. ಅದು ಕೆಲಸ ಮಾಡುವಷ್ಟು ಕಾಲ.

"ಎಷ್ಟು ಕಾಲ?" ಎಂದ ರಾಜೀವ.

"ಅದನ್ನ ಯಾರೂ ಹೇಳೋಕಾಗೋದಿಲ್ಲ. ಕೆಲವರು ವರ್ಷಗಟ್ಟಲೆ ಚೆನ್ನಾಗಿದ್ದಾರೆ."

ರಾಜೀವ ಅಪ್ಪನ ಮುಖ ನೋಡಿದ. ಜಟ್ಟು ತಲೆಯಾಡಿಸುತ್ತಿದ್ದ. "ಹಿಡಿದಿಟ್ಟದೆ," ಎಂದ ಮಗನಿಗೆ, ತಾನೇ ಅರ್ಥ ಹೇಳಿಕೊಡುವವನ ಹಾಗೆ.

ಮೀನಿನ ವಾಸನೆ ಮತ್ತೆ ಒಗ್ಗಿದ ಮೇಲೆ, ಫೆಬ್ರವರಿ ಮೊದಲ ವಾರ ದುರ್ಗಿ ಪೇಟೆಗೆ ಹೊರಟಳು. ತಲೆಯ ಮೇಲೆ ಉಗುರುದ್ದ ಕೂದಲು, ಅದರ ಮೇಲೆ ಸೆರಗು. ಅರ್ಧ ದಿನ ಮಾತ್ರ ಎಂದು ಅಮಿತಾ ಕಟ್ಟುನಿಟ್ಟು ಮಾಡಿದ್ದಳು. ಬುಟ್ಟಿ ಎತ್ತಲು ಜಟ್ಟು ಜೊತೆಗೆ ಬಂದ. ಕಲಾವತಿ ಒಂದೂ ಮಾತಾಡದೆ ತನ್ನ ಎರಡನೇ ಬುಟ್ಟಿ ತೆಗೆದು, ಜಾಗಕ್ಕೆ ನೀರು ಹಾಕಿ ತೊಳೆದುಕೊಟ್ಟಳು.

ಆದರೆ ಆ ಬೆಳಿಗ್ಗೆ ದುರ್ಗಿಗೆ ಸಮಾಧಾನವಾಗಲಿಲ್ಲ. ಹಳೆಯ ಗಿರಾಕಿಗಳೆಲ್ಲ ಬಂದರು. "ಆರಾಮಾ ದುರ್ಗಕ್ಕ?" ಎಂದರು, ಹೇಳಿದ ದರಕ್ಕೆ ತೆಗೆದುಕೊಂಡರು, ಕಣ್ಣು ತಪ್ಪಿಸಿ ಹೋದರು. ಒಬ್ಬಳಂತೂ ಚಿಲ್ಲರೆ ಬೇಡವೆಂದಳು. ದುರ್ಗಿಯ ಮುಖ ಸಣ್ಣದಾಯಿತು.

"ಇವ್ರಿಗೆಲ್ಲ ಏನಾಗಿದೆ? ನಾ ಮೀನು ಮಾರುಕೆ ಬಂದದ್ದೋ, ಭಿಕ್ಷೆಗೋ?" ಎಂದಳು ಗಂಡನಿಗೆ. ಅವನು ಚಾ ತಂದು ಕೊಟ್ಟು ಸ್ವಲ್ಪ ದೂರ ಕಟ್ಟೆಯ ಮೇಲೆ ಕೂತ.

ಹತ್ತು ಗಂಟೆಯ ಹೊತ್ತಿಗೆ ಗುರುತಿಲ್ಲದ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ, ಮುಖದಲ್ಲಿ ಅವಸರ. ಬಂಗಡೆಯ ಕಿವಿರು ಎತ್ತಿ ನೋಡಿದಳು.

"ಇದು ನಿನ್ನೆಯದು."

"ನಿನ್ನೆಯದಾ?" ದುರ್ಗಿಯ ಎಡಗಣ್ಣು ಅಗಲವಾಯಿತು. "ನಸುಕಿಗೆ ನನ್ನ ಮಗ ಇಳಿಸಿದ್ದು ಇದು. ಕಣ್ಣು ನೋಡು ಅದರದ್ದು, ನಿನ್ನ ಕಣ್ಣಿಗಿಂತ ಚಲೋ ಇದೆ."

"ಇನ್ನೂರಕ್ಕೆ ಹತ್ತು ಕೊಡು."

"ಇನ್ನೂರಕ್ಕೆ ಹತ್ತಾ! ಏಳು. ಬೇಕಾದ್ರೆ ತಕ, ಬ್ಯಾಡಾದ್ರೆ ಬಂಗಡೆ ಚಿತ್ರ ಇರುವ ಕ್ಯಾಲೆಂಡರು ತಕ."

"ಅಲ್ಲಿ ಒಂಬತ್ತು ಕೊಡ್ತೆ ಹೇಳ್ತಾರೆ."

"ಅಲ್ಲೇ ಹೋಗು. ನಾಳೆ ಹೊಟ್ಟೆ ಹಿಡ್ಕಂಡು ಇಲ್ಲಿಗೇ ಬರ್ತಿ."

ದುರ್ಗಿಯ ದನಿ ಒಣಗಿ ಸೀಳುತ್ತಿತ್ತು. ಆದರೂ ಆಚೆ ಸಾಲಿನವರೆಲ್ಲ ತಿರುಗಿ ನೋಡಿದರು. ಜಟ್ಟು ಗಾಬರಿಯಿಂದ ಕುಂಟುತ್ತ ಬಂದ. "ತಂಗೀ, ಅವಳಿಗೆ ಆರಾಮಿಲ್ಲ, ಸ್ವಲ್ಪ..."

"ನೀವು ಅಲ್ಲಿ ಹೋಗಿ ಕೂಕಣಿ!" ಎಂದಳು ದುರ್ಗಿ. ನೀರು ಗುಟುಕರಿಸಿ, ಮತ್ತೆ ಹೆಂಗಸಿನ ಕಡೆ ತಿರುಗಿದಳು. "ಎಂಟು. ಕೊನೇ ಮಾತು."

ಹೆಂಗಸು ಹೊರಟುಹೋದಳು. ಆಚೆ ಸಾಲಿನ ತುದಿಯವರೆಗೆ ಹೋಗಿ ಎರಡು ಬುಟ್ಟಿ ಮುಟ್ಟಿ ನೋಡಿದಳು. ತಿರುಗಿ ಬಂದು, ಏನೂ ಆಗಿಲ್ಲವೆಂಬಂತೆ ತನ್ನ ಬುಟ್ಟಿ ಒಡ್ಡಿದಳು. ದುರ್ಗಿ ಎಂಟು ಎಣಿಸಿ ಹಾಕಿ, ಮೇಲೆ ಒಂದು ಸಣ್ಣದನ್ನು ಎಸೆದಳು. ಅವಳ ಎಡಗೆನ್ನೆ ಕಿವಿಯವರೆಗೆ ಏರಿತ್ತು.

"ಮುಂದಿನ ಬುಧವಾರ ನಮ್ಮನೆಗೆ ನೆಂಟರು ಬರ್ತಾರೆ," ಎಂದಳು ಹೆಂಗಸು ದುಡ್ಡು ಕೊಡುತ್ತ. "ದೊಡ್ಡ ಸಿಗಡಿ ಎತ್ತಿಟ್ಟಿರು."

"ಬುಧವಾರ ನಾ ಇರುದಿಲ್ಲ, ಮಂಗಳೂರಿಗೆ ಹೋಗುದದೆ," ಎಂದಳು ದುರ್ಗಿ, ಬುಟ್ಟಿಯ ಮೀನಿಗೆ ನೀರು ಚಿಮುಕಿಸುತ್ತ. "ನೆಂಟರನ್ನ ಒಂದು ದಿನ ನಿಲ್ಸ್ಕ. ಗುರುವಾರ ಬಾ."